ನೋಟ್ ಪುಸ್ತಕದ ಹಿಂದಿನ ಪುಟದಲ್ಲೊಂದು ಸಂಖ್ಯೆ

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದವಳು ಬದಿಯಡ್ಕ ಕಡೆಯ ಹುಡುಗಿ, ಪ್ಲಸ್ ಟು. ಅನೊರೆಕ್ಸಿಯಾ ಇತ್ತು, ಅಂದರೆ ದಪ್ಪಗಾಗುವ ಭಯದಲ್ಲಿ ಊಟ ಬಿಡುವ ಮಾನಸಿಕ ಕಾಯಿಲೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. "ಬಟ್ಟಲಿನ ಗಂಜಿ ತಣಿಯುವವರೆಗೂ ಕೂರ್ತಾಳೆ ಮೇಡಂ, ಆಮೇಲೆ ಹಾಗೇ ಎದ್ದು ಹೋಗ್ತಾಳೆ" ಅಂತ ಅಮ್ಮ ಅತ್ತರು. ಹೊರಗೆ ಆ ಸೆಕೆ, ಇವಳು ಶಾಲು ಹೊದ್ದು ಕೂತಿದ್ದಳು.

ಎರಡನೇ ಸಲ ಬಂದಾಗ ನೋಟ್ ಪುಸ್ತಕದ ಹಿಂದಿನ ಪುಟ ತೋರಿಸಿದಳು. ಒಂದು ಸಂಖ್ಯೆ, ಸುತ್ತ ಪೆನ್ನಿನಲ್ಲಿ ಒತ್ತಿ ಒತ್ತಿ ಎಳೆದ ವೃತ್ತ. 2025ರ ಮಾರ್ಚ್‌ನಲ್ಲಿ ಕಣ್ಣೂರು ಜಿಲ್ಲೆಯ 18ರ ಹುಡುಗಿಯೊಬ್ಬಳು ಊಟ ಬಿಟ್ಟು ತೀರಿಕೊಂಡಳಲ್ಲ, ಸುದ್ದಿಯಲ್ಲಿ ಅವಳ ತೂಕವನ್ನೂ ಹಾಕಿದ್ದರು, ಅದೇ ಸಂಖ್ಯೆ. "ನಾನು ಅಷ್ಟು ಇಳಿದಿಲ್ಲ ಅಲ್ವಾ? ಮತ್ತೆ ನನಗೇನು ಕಾಯಿಲೆ?"

ಬರೆದವರು ಎಚ್ಚರಿಸಬೇಕು ಅಂತಲೇ ಬರೆದಿರುತ್ತಾರೆ. ಆದರೆ ಈ ಕಾಯಿಲೆ ಇದ್ದವರಿಗೆ ಅದು ಅಳತೆಗೋಲು, ಕೆಲವರಿಗೆ ಗುರಿ. ಇಲ್ಲಿ ನಾನು ಅದನ್ನು ಬರೆಯುವುದಿಲ್ಲ.

ತೂಕ ನೋಡಿ ಈ ಕಾಯಿಲೆ ಇದೆ, ಇಲ್ಲ ಅನ್ನಲಾಗದು, ದಪ್ಪಗಿರುವವರಿಗೂ ಹುಡುಗರಿಗೂ ಬರುತ್ತದೆ ಅಂತ ಅವಳಿಗೆ ಹೇಳಿದೆ. ಮುಟ್ಟು ನಿಂತು ತಿಂಗಳುಗಳಾಗಿದ್ದವು, ತಲೆಸುತ್ತು ಬೇರೆ. ಹಾಗಾಗಿ ಮಾತಿಗಿಂತ ಮೊದಲು ವೈದ್ಯರ ಹತ್ತಿರ ಕಳಿಸಿದೆ: ರಕ್ತಪರೀಕ್ಷೆ, ಇಸಿಜಿ. ಪೊಟ್ಯಾಶಿಯಂ ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ಅಮ್ಮನಿಗೆ ಹೇಳಿದ್ದು, ಒಮ್ಮೆಲೇ ಜಾಸ್ತಿ ತಿನ್ನಿಸಬೇಡಿ, ಬಹಳ ದಿನ ಉಣ್ಣದ ದೇಹಕ್ಕೆ ಅದೂ ಅಪಾಯ, ವೈದ್ಯರು ಹೇಳಿದಷ್ಟೇ ಕೊಡಿ. ಜೊತೆಗೆ ಕೂತು ಉಣ್ಣಿ. ಉಣ್ಣುವಾಗ ಬಟ್ಟಲಿನ ಮಾತು, ಮೈಯ ಮಾತು ಬೇಡ.

ಏಳೆಂಟು ತಿಂಗಳಲ್ಲಿ ತುಸು ಚೇತರಿಸಿದಳು. ಆಗ ಅವಳ ಸೋದರಮಾವ ಬಂದರು, ಯೂಟ್ಯೂಬಿನಲ್ಲಿ ಊರಿನ ಸುದ್ದಿ ಮಾಡುವವರು. ಆಗಿನ ಫೋಟೊ, ಈಗಿನ ಫೋಟೊ ಅಕ್ಕಪಕ್ಕ ಇಟ್ಟು ವಿಡಿಯೊ ಮಾಡುವ ಆಸೆ. ನಾಲ್ಕು ಜನಕ್ಕೆ ಉಪಕಾರವಾಗಲಿ ಅನ್ನುವ ಮನಸ್ಸು, ಅದರಲ್ಲಿ ಸಂಶಯವಿಲ್ಲ. ಆದರೂ ನಾನು ಖಡಾಖಂಡಿತವಾಗಿ ಬೇಡ ಅಂದೆ. ಫೋಟೊ ಬೇಡ, ಕಿಲೋ ಲೆಕ್ಕ ಬೇಡ, ಏನು ಬಿಟ್ಟಳು, ಹೇಗೆ ಬಿಟ್ಟಳು ಅನ್ನುವುದಂತೂ ಬೇಡವೇ ಬೇಡ. 'ಡಯಟ್ ಹುಚ್ಚು' ಅಂತ ತಲೆಬರಹ ಕೊಟ್ಟರೆ ಇನ್ನೊಬ್ಬಳು ನಾಚಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅಮ್ಮನಿಗೆ ಅನುಮಾನ ಬಂದದ್ದು ಯಾವಾಗ, ಯಾರ ಹತ್ತಿರ ಹೋದರು, ಎಷ್ಟು ಕಾಲ ಹಿಡಿಯಿತು, ಇದನ್ನು ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ದೊಡ್ಡದಾಗಿ ಹಾಕಿ.

"ಫೋಟೊ ಇಲ್ಲದಿದ್ದರೆ ಯಾರು ನೋಡ್ತಾರೆ ಮೇಡಂ?"

ನಿಮ್ಮ ತಂಗಿ ಮಗಳಂಥವಳು ನೋಡುತ್ತಾಳೆ, ಫೋಟೊ ಇದ್ದರೆ ಅದನ್ನು ಮಾತ್ರ ನೋಡುತ್ತಾಳೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಹುಡುಗಿಯನ್ನು ಕೇಳಿದಾಗ "ಈಗ ಬೇಡ ಮಾವ" ಅಂದಳು. ಕೊನೆಗೆ ಅಮ್ಮನ ದನಿ ಮಾತ್ರ ಇಟ್ಟು ಮಾಡಿದರು, ಹೆಸರಿಲ್ಲ, ಮುಖ ಇಲ್ಲ.