ಲಾಂಗ್ ಜಂಪ್‌ನಲ್ಲಿ ಪದೇ ಪದೇ ಫೌಲ್ ಆಗುತ್ತಿದ್ದರೆ ಏನು ಮಾಡಬೇಕು?

ಶಿವಮೊಗ್ಗದ ಕಾಲೇಜಲ್ಲಿ ಹುಡುಗರಿಗೆ ಲಾಂಗ್ ಜಂಪ್ ಕಲಿಸ್ತೀನಿ, ಮೂರರಲ್ಲಿ ಎರಡು ಫೌಲ್ ಅಂದಿದ್ದೀರಿ. ಜಿಗಿಯೋಕೆ ಕಾಲೂರೋ ಹಲಗೆಯ ಮುಂದಿನ ಅಂಚು ದಾಟಿ ಹೆಜ್ಜೆ ಬಿದ್ದರೆ ಫೌಲ್. ತಪ್ಪು ಕಾಣೋದು ಈ ಹಲಗೆ ಹತ್ತಿರ, ಆದರೆ ಹೆಚ್ಚಾಗಿ ಹುಟ್ಟೋದು ಓಟದ ಮೊದಲ ನಾಲ್ಕೈದು ಹೆಜ್ಜೆಯಲ್ಲಿ. ಒಮ್ಮೆ ನಿಂತಲ್ಲಿಂದ, ಇನ್ನೊಮ್ಮೆ ನಡೆದುಕೊಂಡು ಹೊರಟರೆ 20 ಸೆಂ.ಮೀ. ಅಗಲದ ಹಲಗೆ ಸಿಗೋದು ಅದೃಷ್ಟ ಅಷ್ಟೇ.

ಮರಳುಗುಂಡಿ ಮರೆತು ಬರೀ ಟ್ರ್ಯಾಕ್ ಮೇಲೆ ಓಡಿಸಿ, ಪ್ರತಿ ಸಲ ಒಂದೇ ಜಾಗದಿಂದ, ಒಂದೇ ರೀತಿ ಹೊರಡಿಸಿ. ಕೊನೆ ಹೆಜ್ಜೆ ಬಿದ್ದಲ್ಲೆಲ್ಲ ಸುಣ್ಣದ ಗೆರೆ ಎಳೀರಿ. ಐದಾರು ಗೆರೆ ಒಂದಡಿಯೊಳಗೆ ಬಂದ ಮೇಲೆ ಹೊರಟ ಜಾಗದಿಂದ ಆ ಗೆರೆಗಳವರೆಗೆ ಟೇಪ್ ಹಿಡಿದು ಅಳೆದು, ಅಷ್ಟೇ ದೂರವನ್ನ ಹಲಗೆಯಿಂದ ಹಿಂದಕ್ಕೆ ಗುರುತು ಮಾಡಿ ಅಲ್ಲಿಂದ ಓಡಿಸಿ. ಕಣ್ಣು ಕೆಳಗಿಳಿಸಿ ಹಲಗೆ ಹುಡುಕೋ ಹುಡುಗ ಕೊನೆಗೆ ಕಾಲು ಚಾಚಿ ತಾನೇ ಬ್ರೇಕ್ ಹಾಕ್ಕೋತಾನೆ. ದೂರದ ಮರ ನೋಡಿ ಓಡು ಅನ್ನಿ.

ಇನ್ನು ನಮ್ಮ ಮಳೆಗಾಲ! ಕೆಸರಲ್ಲಿ ಹೆಜ್ಜೆ ಗಿಡ್ಡವಾಗುತ್ತೆ. ಜುಲೈ ಅಳತೆಯನ್ನ ಡಿಸೆಂಬರ್ ಕೂಟಕ್ಕೆ ಒಯ್ಯಬೇಡಿ, ಹೊಸದಾಗಿ ಅಳೀರಿ.