ಓದುಗರ ಪ್ರಶ್ನೆ: ಚಳಿಗಾಲದ ಬೆಳಗು, ವಾಡಿಯ ಗೂಡ್ಸ್ ಗಾಡಿಗಳು

ಪ್ರಶ್ನೆ: ನಾನು ಶಹಾಬಾದಿನವನು. ಡಿಸೆಂಬರಿನಿಂದ ಪ್ರತಿ ಭಾನುವಾರ ಬೆಳಗ್ಗೆ ಏಳು ಗಂಟೆಗೆ ತೊಗರಿ ಹೊಲದ ಬದುವಿನ ಮೇಲೆ ನಿಂತು, ವಾಡಿ ಜಂಕ್ಷನ್ನಿನ ಯಾರ್ಡಿನಿಂದ (ಗಾಡಿಗಳನ್ನು ನಿಲ್ಲಿಸಿ ಜೋಡಿಸುವ ಹಳಿಗಳ ಅಂಗಳ) ಹೊರಟು ಬರುವ ಗೂಡ್ಸ್ ಗಾಡಿಗಳ ಚಿತ್ರ ತೆಗೆಯುತ್ತಿದ್ದೇನೆ. ಎಂಜಿನ್ನಿನ ದೀಪವೊಂದೇ ಹೊಳೆದು ಡಬ್ಬಿಗಳೆಲ್ಲ ಕಪ್ಪಾಗುತ್ತವೆ, ಮಂಜು ಬೂದಿ ಬಣ್ಣಕ್ಕೆ ತಿರುಗುತ್ತದೆ. ಹೊಸ ಕ್ಯಾಮೆರಾ ಕೊಳ್ಳಬೇಕೆ? ಯಾರ್ಡಿನೊಳಗೇ ಹೋಗಿ ತೆಗೆದರೆ ಒಳ್ಳೆಯದೆ?

ಉತ್ತರ: ಹೊಸ ಕ್ಯಾಮೆರಾ ಬೇಡ, ನೀವು ನಿಲ್ಲುವ ಬದಿ ಮತ್ತು ಕಾಯುವ ಗಾಡಿ ಬದಲಾದರೆ ಸಾಕು. ಕಲಬುರಗಿಯಿಂದ ವಾಡಿಯವರೆಗೆ ಹಳಿ ಸ್ಥೂಲವಾಗಿ ವಾಯವ್ಯದಿಂದ ಆಗ್ನೇಯಕ್ಕೆ ಸಾಗುತ್ತದೆ. ಡಿಸೆಂಬರಿನ ಕೊನೆಯಲ್ಲಿ ನಮ್ಮ ಭಾಗದಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟದೆ ಸುಮಾರು 25 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುವುದರಿಂದ, ವಾಡಿಯ ಕಡೆಯಿಂದ ಬರುವ ಗಾಡಿಗೆ ಕ್ಯಾಮೆರಾ ಹಿಡಿದಾಗ ನೀವು ಹೆಚ್ಚುಕಡಿಮೆ ಸೂರ್ಯನಿಗೇ ಎದುರಾಗಿರುತ್ತೀರಿ, ಗಾಡಿಯ ಮುಖ ನೆರಳಿನಲ್ಲಿರುತ್ತದೆ. ಅದೇ ಹೊತ್ತಿಗೆ ಹಳಿಯ ಪೂರ್ವದ ಬದಿಯಲ್ಲಿ ನಿಂತು, ಕಲಬುರಗಿಯಿಂದ ವಾಡಿಗೆ ಹೋಗುವ ಗಾಡಿಗಾಗಿ ಕಾಯಿರಿ. ಏಳೂವರೆಯಿಂದ ಒಂಬತ್ತರವರೆಗಿನ ಓರೆಬಿಸಿಲು ಎಂಜಿನ್ನಿನ ಮುಖಕ್ಕೂ ಡಬ್ಬಿಗಳ ಪಕ್ಕೆಗೂ ಒಟ್ಟಿಗೇ ಬೀಳುತ್ತದೆ.

ಮಂಜು ಬೂದಿಯಾಗುವುದಕ್ಕೆ ಕಾರಣ ಬೇರೆ. ಕ್ಯಾಮೆರಾ ತಾನಾಗಿ ಬೆಳಕನ್ನು ಅಳೆಯುವಾಗ ಕಂಡದ್ದನ್ನೆಲ್ಲ ನಡುಮಟ್ಟದ ಬೂದಿಗೆ ಎಳೆಯುತ್ತದೆ. ಆದ್ದರಿಂದ ಮಂಜು ದಟ್ಟವಾಗಿದ್ದರೆ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಒಂದು ಸ್ಟಾಪಿನಷ್ಟು (ಎರಡು ಪಟ್ಟು) ಹೆಚ್ಚಿಸಬೇಕು. ಬಿಸಿಲು ಬಂದ ಮೇಲೆ ಕಲ್ಲಿದ್ದಲಿನ ತೆರೆದ ಡಬ್ಬಿಗಳೇ ಚೌಕಟ್ಟನ್ನು ತುಂಬಿದರೆ ಇದಕ್ಕೆ ವಿರುದ್ಧವಾಗಿ ಅರ್ಧ ಸ್ಟಾಪು ಇಳಿಸಿರಿ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಶಟರ್ 1/250ರಲ್ಲಿದ್ದರೆ, ಅಂದರೆ ಸೆಕೆಂಡಿನ 250ನೇ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ, ಅಷ್ಟರೊಳಗೆ ಗಾಡಿ ಸುಮಾರು 7 ಸೆಂಟಿಮೀಟರ್ ಸರಿದಿರುತ್ತದೆ, 1/1000ರಲ್ಲಿ 2 ಸೆಂಟಿಮೀಟರಿಗೂ ಕಡಿಮೆ. ಹಳಿಗೆ ಹತ್ತಿರವಿದ್ದು ಪಕ್ಕದಿಂದ ತೆಗೆಯುವವರಿಗೆ ಈ ವ್ಯತ್ಯಾಸ ಡಬ್ಬಿಯ ಮೇಲಿನ ಅಕ್ಷರಗಳಲ್ಲೇ ಕಾಣುತ್ತದೆ.

ಯಾರ್ಡಿನೊಳಗೆ ಮಾತ್ರ ದಯವಿಟ್ಟು ಹೋಗಬೇಡಿ. ಅನುಮತಿಯಿಲ್ಲದೆ ರೈಲ್ವೆ ಜಾಗಕ್ಕೆ ಕಾಲಿಡುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಶಿಕ್ಷಾರ್ಹ ಅಪರಾಧ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನಿಂತಂತೆ ಕಾಣುವ ಡಬ್ಬಿಗಳ ಸಾಲು ಶಂಟಿಂಗಿನಲ್ಲಿ (ಡಬ್ಬಿಗಳನ್ನು ಹಳಿಯಿಂದ ಹಳಿಗೆ ಸರಿಸಿ ಜೋಡಿಸುವಾಗ) ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತದೆ, ಮಂಜಿನಲ್ಲಿ ಅದು ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ತು ಇರುವುದರಿಂದ ಕಾಲುಸೇತುವೆಯ ಮೇಲಿಂದಲೂ ಕೋಲಿಗೆ ಕ್ಯಾಮೆರಾ ಕಟ್ಟಿ ಚಾಚಬಾರದು.

ವಾಡಿಯನ್ನು ಹತ್ತಿರದಿಂದ ನೋಡುವ ನಿಮ್ಮ ಆಸೆ ಸಹಜವಾದದ್ದು. 1874ರಲ್ಲಿ ಸಿಕಂದರಾಬಾದಿನ ಹಳಿ ಮುಂಬೈ–ಚೆನ್ನೈ ಮಾರ್ಗಕ್ಕೆ ಬಂದು ಕೂಡಿದ ಜಾಗವದು. ಸಿಮೆಂಟ್ ಕಾರ್ಖಾನೆಯೂ ಪಕ್ಕದಲ್ಲೇ ಇದೆ. ಪ್ಲಾಟ್‌ಫಾರ್ಮ್ ಟಿಕೆಟ್ ಪಡೆದು, ಸ್ಟೇಷನ್ ಮಾಸ್ಟರರಿಗೆ ಉದ್ದೇಶ ತಿಳಿಸಿ, ಅವರು ಒಪ್ಪಿದರೆ ಪ್ಲಾಟ್‌ಫಾರ್ಮಿನಿಂದಲೇ ತೆಗೆಯಿರಿ. ಪಕ್ಕದ ಹಳಿಯಲ್ಲಿ ಸಿಮೆಂಟ್ ಚೀಲಗಳ ಮುಚ್ಚಿದ ಡಬ್ಬಿ ನಿಂತಿದ್ದರೆ ಎಂಜಿನ್ನನ್ನು ಮರೆತು ಅದರ ಬಾಗಿಲನ್ನು ನೋಡಿರಿ: ಅಂಚಿಗೆ ಅಂಟಿದ ಪುಡಿ ಇಬ್ಬನಿಯಿಂದ ತೇವಗೊಂಡು ಗಟ್ಟಿಯಾಗಿರುತ್ತದೆ, ಚಿಲಕಕ್ಕೆ ತಂತಿಯ ಸೀಲು ಬಿಗಿದಿರುತ್ತದೆ, ಚಾಕಿನಲ್ಲಿ ಯಾರೋ ಬರೆದ ಅಂಕಿಗಳು ಅರ್ಧ ಅಳಿಸಿರುತ್ತವೆ. ನನ್ನ ಮಟ್ಟಿಗೆ ಓಡುವ ಎಂಜಿನ್ನಿನ ನೂರು ಚಿತ್ರಗಳಿಗಿಂತ ಇಂಥ ಒಂದು ಬಾಗಿಲು ಈ ಸೀಮೆಯ ಬಗ್ಗೆ ಹೆಚ್ಚು ಹೇಳುತ್ತದೆ.

ಪ್ರಶ್ನೆ: ಸಿಮೆಂಟ್ ಗಾಡಿಗಳ ಚಿತ್ರ ತೆಗೆದು ಬಂದ ಮೇಲೆ ಲೆನ್ಸನ್ನು ಒದ್ದೆ ಬಟ್ಟೆಯಿಂದ ಒರೆಸಬಹುದೆ? (ಯಾದಗಿರಿಯ ಓದುಗರು)

ಉತ್ತರ: ಒರೆಸಬೇಡಿ. ಸಿಮೆಂಟಿನ ಪುಡಿ ನೀರು ಕಂಡರೆ ಗಟ್ಟಿಯಾಗುತ್ತದೆ, ಒಣಗಿದ್ದರೂ ಉಜ್ಜಿದಾಗ ಗಾಜನ್ನು ಗೀರುತ್ತದೆ. ಬಾಯಿಂದ ಊದಿದರೂ ಉಸಿರಿನ ತೇವ ತಗಲುತ್ತದೆ. ಲೆನ್ಸಿನ ಮುಖ ಕೆಳಗೆ ಮಾಡಿ, ಒತ್ತಿದರೆ ಗಾಳಿ ಊದುವ ರಬ್ಬರಿನ ಬ್ಲೋವರಿನಿಂದ ಊದಿ, ಉಳಿದದ್ದನ್ನು ಮೆದುವಾದ ಒಣ ಬ್ರಷ್ಷಿನಿಂದ ತೆಗೆಯಿರಿ. ಸ್ಥಳದಲ್ಲಿ ಲೆನ್ಸ್ ಬದಲಿಸದಿರುವುದು, ಮುಂದೆ ಒಂದು ಯುವಿ ಫಿಲ್ಟರ್ ಹಾಕಿಕೊಳ್ಳುವುದು ಒಳ್ಳೆಯದು. ಗೀರು ಬಿದ್ದರೆ ಫಿಲ್ಟರನ್ನಷ್ಟೇ ಬದಲಿಸಿದರೆ ಆಯಿತು.