ಅಪ್ಪನ ಯೆಜ್ಡಿ, ಪಲ್ಲವಿಯ ಅನುಮಾನ

(ನನ್ನ ಬಳಿ ಆಪ್ತಸಲಹೆಗೆ ಬಂದವಳೊಬ್ಬಳ ಕಥೆ ಇದು. ಹೆಸರು, ವಯಸ್ಸು, ಕೆಲಸ ಬದಲಾಯಿಸಿದ್ದೇನೆ. ಬರೆದದ್ದನ್ನು ಆಕೆಯೇ ಓದಿ ಒಪ್ಪಿದ ಮೇಲೆ ಪ್ರಕಟಿಸುತ್ತಿದ್ದೇನೆ. ಊರನ್ನು ಮಾತ್ರ ಬದಲಾಯಿಸಲಿಲ್ಲ. ಈ ಗಾಡಿ ಹುಟ್ಟಿದ್ದೇ ಮೈಸೂರಿನಲ್ಲಿ.)

"ಮೇಡಂ, ನಂಗೊಂದು ಚಟ ಇದೆ. ಅದನ್ನ ಹೇಗಾದ್ರೂ ಬಿಡಿಸಿ."

ಕುಡಿತವೋ ಆನ್‌ಲೈನ್ ಜೂಜೋ ಇರಬೇಕೆಂದುಕೊಂಡು ಫಾರ್ಮ್ ತೆಗೆದೆ. ಚಟ ಎಂದರೆ ಬೈಕ್ ರಿಪೇರಿ.

ಪಲ್ಲವಿಗೆ ಇಪ್ಪತ್ತೇಳು. ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಹುಟ್ಟಿದಾಗ ಗಂಡು ಎಂದು ಬರೆಸಿದ್ದರು. ಕೆಲವು ವರ್ಷಗಳಿಂದ ಹೆಣ್ಣಾಗಿ ಬದುಕುತ್ತಿದ್ದಾಳೆ. ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ ಕೈಯಲ್ಲಿದೆ, ವೈದ್ಯರ ನಿಗಾದಲ್ಲಿ ಹಾರ್ಮೋನ್ ಚಿಕಿತ್ಸೆಯೂ ನಡೆಯುತ್ತಿದೆ. ಇದ್ಯಾವುದೂ ಆಕೆಗೆ ತೊಂದರೆಯಾಗಿರಲಿಲ್ಲ. ತೊಂದರೆ ಮನೆಯ ಹಿಂದಿನ ಶೀಟಿನ ಶೆಡ್ಡಿನಲ್ಲಿ ಟಾರ್ಪಾಲಿನ್ ಹೊದ್ದು ನಿಂತಿದ್ದ ಅಪ್ಪನ ಬೈಕ್ ಯೆಜ್ಡಿ ರೋಡ್‌ಕಿಂಗ್‌ನದು.

ಮಾತಾಡುವಷ್ಟು ಹೊತ್ತೂ ಎರಡು ಕೈಯನ್ನೂ ಬ್ಯಾಗಿನ ಕೆಳಗೆ ಇಟ್ಟುಕೊಂಡಿದ್ದಳು. ನೀರಿನ ಲೋಟ ತೆಗೆದುಕೊಂಡಾಗ ಕಾಣಿಸಿತು: ತಿಳಿ ಗುಲಾಬಿ ನೇಲ್ ಪಾಲಿಶ್, ಉಗುರಿನ ಸಂದಿಯಲ್ಲಿ ಕರಿ ಗ್ರೀಸು, ತೋರುಬೆರಳಿನ ಬುಡದಲ್ಲಿ ಸುಲಿದ ಚರ್ಮ. "ಸೀಮೆಎಣ್ಣೆ ಹಾಕಿ ಉಜ್ಜಿದೆ. ಆಮೇಲೆ ಪಾತ್ರೆ ಸೋಪು, ಸಕ್ಕರೆ. ಹೋಗ್ಲೇ ಇಲ್ಲ." ಇನ್ನು ಗಾಡಿ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಆಣೆ ಮಾಡಿದ್ದಳಂತೆ. ಹಿಂದಿನ ಭಾನುವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಹೋಗಿ ಕಾರ್ಬೋರೇಟರ್ ಬಿಚ್ಚಿ ತೊಳೆದಿದ್ದಾಳೆ. ಅಲ್ಲಿಂದ ಮುಂದೆ ನಿದ್ದೆ ಇಲ್ಲ.

ಮೂರು ಕಡೆಯಿಂದ ಮಾತು ಕೇಳಿ ಆಕೆ ಹೈರಾಣಾಗಿದ್ದಳು. ಅಣ್ಣನದು ಕೋರ್ಟಿನ ವಾದ: "ಹೆಣ್ಣಾಗಿದ್ರೆ ಪಿಸ್ಟನ್ ಯಾಕೆ ಬೇಕು ಇವನಿಗೆ?" ತನ್ನವರು ಎಂದು ಆಕೆ ನಂಬಿದ್ದ, ಕಷ್ಟಕಾಲದಲ್ಲಿ ಮನೆಯಲ್ಲಿ ಇರಿಸಿಕೊಂಡಿದ್ದ ಹಿರಿಯ ಮಂಗಳಮುಖಿಯೊಬ್ಬರು ಕೈ ಹಿಡಿದು ನೋಡಿ, "ಇದೇನೇ, ಗ್ಯಾರೇಜ್ ಹುಡುಗನ ಕೈ" ಅಂದಿದ್ದರು. ಮೂರನೆಯದು ಆಕೆಯ ಒಳಗೇ ಇದ್ದ ಭಯ. ಹಾರ್ಮೋನ್ ಶುರು ಮಾಡುವ ಮುನ್ನ ಪತ್ರ ಕೊಡಬೇಕಾದ ತಜ್ಞರೊಬ್ಬರು ಚಿಕ್ಕಂದಿನಲ್ಲಿ ಏನು ಆಟ ಆಡುತ್ತಿದ್ದೆ ಎಂದು ಕೇಳಿದ್ದರು. ಈಕೆ ಗೊಂಬೆ, ಅಡುಗೆ ಆಟ, ರಂಗೋಲಿ ಎಂದಿದ್ದಳು. ಆಡಿದ್ದು ಸ್ಪಾರ್ಕ್ ಪ್ಲಗ್ ಜೊತೆ. "ಸುಳ್ಳು ಹೇಳಿ ತಗೊಂಡ ಪತ್ರ ಮೇಡಂ. ನಿಜ ಗೊತ್ತಾದ್ರೆ ಎಲ್ಲಾ ವಾಪಸ್ ಕಿತ್ಕೋತಾರಾ?"

ಈ ಸುಳ್ಳು ಪಲ್ಲವಿಯೊಬ್ಬಳದೇ ಅಲ್ಲ, ಇದಕ್ಕೆ ಅರ್ಧ ಶತಮಾನದ ಇತಿಹಾಸವಿದೆ. ಅಮೆರಿಕದಲ್ಲಿ ಹ್ಯಾರಿ ಬೆಂಜಮಿನ್ ಎಂಬ ವೈದ್ಯರು 1966ರಲ್ಲಿ ಹೀಗೆ ಲಿಂಗ ಬದಲಿಸಿಕೊಳ್ಳುವವರ ಮೇಲೆ ಪುಸ್ತಕ ಬರೆದರು. ಚಿಕಿತ್ಸೆ ಬೇಕಾದವರು ಅದನ್ನು ಓದಿಕೊಂಡು ಬಂದು, ಅದರಲ್ಲಿದ್ದಂಥದ್ದೇ ಬಾಲ್ಯವನ್ನು ವೈದ್ಯರ ಮುಂದೆ ಒಪ್ಪಿಸತೊಡಗಿದರು. ಎಲ್ಲರೂ ಒಂದೇ ಕಥೆ ಹೇಳುತ್ತಾರಲ್ಲ ಎಂದು ವೈದ್ಯರು ಅದನ್ನೇ ಇನ್ನಷ್ಟು ನಂಬಿದರು. ನಾಚಿಕೆ, ಸೀರೆ, ಅಡುಗೆಮನೆ ಇಲ್ಲದ ಹೆಣ್ಣಿಗೆ ಬಾಗಿಲು ತೆರೆಯುತ್ತಿರಲಿಲ್ಲ. ನಮ್ಮಲ್ಲಿ ಹಲವರು ಇವತ್ತಿಗೂ ಆ ಗೊಂಬೆಯ ಪ್ರಶ್ನೆ ಕೇಳುತ್ತಾರೆ. ಕೇಳಿ ಏನು ತಿಳಿದುಕೊಂಡರೋ ನನಗಂತೂ ಅರ್ಥವಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಲಿಂಗ ಅಸಾಂಗತ್ಯವನ್ನು, ಅಂದರೆ ಹುಟ್ಟಿದಾಗ ಬರೆಸಿದ ಲಿಂಗಕ್ಕೂ ಒಳಗೆ ಅನ್ನಿಸುವ ಲಿಂಗಕ್ಕೂ ತಾಳೆಯಾಗದಿರುವುದನ್ನು, ಅದು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ತೆಗೆದುಹಾಕಿತು. ಬರೀ ನಡವಳಿಕೆ ಮತ್ತು ಇಷ್ಟಾನಿಷ್ಟ ನೋಡಿ ಈ ನಿರ್ಣಯಕ್ಕೆ ಬರಬಾರದು ಎಂಬ ಮಾತನ್ನೂ ಸೇರಿಸಿತು. ಗೊಂಬೆ ಆಡಿದ ಹುಡುಗನನ್ನು ಹೆಣ್ಣು ಎನ್ನುವಂತಿಲ್ಲ ಎಂದಾದರೆ, ಸ್ಪ್ಯಾನರ್ ಹಿಡಿದ ಹೆಣ್ಣನ್ನು ಗಂಡು ಎನ್ನುವಂತೆಯೂ ಇಲ್ಲ. ಇದನ್ನು ಪಲ್ಲವಿಗೆ ನಿಧಾನವಾಗಿ ಎರಡು ಸಲ ಹೇಳಬೇಕಾಯಿತು. ಹಾರ್ಮೋನ್ ತಜ್ಞರಿಗೆ ನಿಜ ಹೇಳಿಬಿಡಿ, ಅವರಿಗೆ ಬೇಕಾಗಿರುವುದು ನಿಮ್ಮ ರಕ್ತಪರೀಕ್ಷೆಯ ವರದಿ, ನಿಮ್ಮ ಆಟದ ಸಾಮಾನಿನ ಪಟ್ಟಿಯಲ್ಲ ಎಂದೆ. ಮೊದಲ ಸಲ ನಕ್ಕಳು.

ಆದರೂ ಅನುಮಾನ ಬಂದವರ ಬೆನ್ನು ತಟ್ಟಿ ಕಳಿಸಿಬಿಡುವುದು ಆಪ್ತಸಲಹೆಯಲ್ಲ. ಗಂಡಸರ ನಡುವೆ ಗುರುತು ಮುಚ್ಚಿಕೊಳ್ಳಲು ಕಲಿತ ಅಭ್ಯಾಸಗಳು ಎಷ್ಟೋ ಟ್ರಾನ್ಸ್ ಮಹಿಳೆಯರಲ್ಲಿ ಇರುತ್ತವೆ. ಕವಚದಂತೆ ತೊಟ್ಟದ್ದು ಯಾವುದು, ಮನಸ್ಸಿಗೆ ಹಿಡಿಸಿದ್ದು ಯಾವುದು ಎಂದು ಬೇರ್ಪಡಿಸಿ ನೋಡಬೇಕು. ಅದಕ್ಕೆ ಒಂದು ಪ್ರಶ್ನೆ ಕೇಳಿದೆ: ಯಾರೂ ನೋಡುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ ಎಂದರೆ ಏನೇನು ಮಾಡುತ್ತೀರಿ?

ಉತ್ತರ ಬರಲು ಹೊತ್ತು ಹಿಡಿಯಿತು. ಕಾಲೇಜಿನಲ್ಲಿ ಜಿಮ್‌ಗೆ ಹೋಗುತ್ತಿದ್ದಳು, ಗಡ್ಡ ಬಿಟ್ಟಿದ್ದಳು, ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ ವೇಗದ ಬೌಲರ್, ಮಾತೆತ್ತಿದರೆ ಬೈಗುಳ. "ಅವೆಲ್ಲಾ ಬಿಟ್ಟಾಗ ಟೈಟ್ ಶೂ ಬಿಚ್ಚಿದಂಗಾಯ್ತು ಮೇಡಂ." ಗಾಡಿ? ಗಾಡಿಯ ಮುಂದೆ ಯಾರೂ ಇರುತ್ತಿರಲಿಲ್ಲ, ಅಪ್ಪ ಒಬ್ಬರನ್ನು ಬಿಟ್ಟು.

ಅಪ್ಪ ಯೆಜ್ಡಿ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಕಾರ್ಮಿಕ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಪ್ಪ ಮನೆಯ ಹಿಂದೆ ಶೆಡ್ ಹಾಕಿಕೊಂಡು ಯೆಜ್ಡಿ ರಿಪೇರಿಗೆ ಇಳಿದರು. ಮುಂದಿನ ವರ್ಷ ಹುಟ್ಟಿದ ಮಗು ಆ ಶೆಡ್ಡಿನಲ್ಲೇ ಬೆಳೆಯಿತು. ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕು, ಸೈಲೆನ್ಸರಿನ ಹೊಗೆಯ ಬಣ್ಣ ನೋಡಿ ಏನು ಹೇಳಬಹುದು ಎಂಬುದೆಲ್ಲ ಅಕ್ಷರಕ್ಕೆ ಮುಂಚೆ ಬಂದ ವಿದ್ಯೆ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್ ಆಗುತ್ತದೆ ಎಂಬುದನ್ನು ನನ್ನ ಮೇಜಿನ ಮೇಲೆ ಪೆನ್ನು ತಿರುಗಿಸಿ ತೋರಿಸಿದಳು. ಪ್ಲಗ್ಗಿಗೆ ಕಿಡಿ ಕೊಡಿಸುವ ಪುಟ್ಟ ಲೋಹದ ತುದಿಗಳನ್ನು, ಅಂದರೆ ಪಾಯಿಂಟ್ ಅನ್ನು ಉಜ್ಜುವುದನ್ನು ವಿವರಿಸುವಾಗ ಬ್ಯಾಗಿನ ಕೆಳಗಿದ್ದ ಕೈ ತಾನಾಗಿ ಮೇಲೆ ಬಂದಿತ್ತು. ಎರಡು ಬೆರಳ ನಡುವೆ ಇಲ್ಲದ ಎಮರಿ ಕಾಗದದ ಚೂರು, ಒಂದು ಕಣ್ಣು ಸಣ್ಣಗೆ.

"ಗಾಡಿ ಮುಂದೆ ಕೂತಾಗ ನೀವು ಗಂಡು ಅನ್ನಿಸುತ್ತಾ?"

"ಗಂಡೂ ಇಲ್ಲ ಹೆಣ್ಣೂ ಇಲ್ಲ ಮೇಡಂ. ಪಾಯಿಂಟ್ ಗ್ಯಾಪ್ ಅಷ್ಟೇ ಇರೋದು."

ಇನ್ನು ಹದಿನೈದು ವರ್ಷದ ಮೇಲೆ ನಿಮ್ಮನ್ನು ನೀವು ಹೇಗೆ ಕಾಣುತ್ತೀರಿ ಎಂದೆ. ತಡವೇ ಆಗಲಿಲ್ಲ. ತಲೆಯಲ್ಲಿ ನಾಲ್ಕು ಬಿಳಿ ಕೂದಲು, ಕಾಟನ್ ಚೂಡಿದಾರ್, ಶೆಡ್ಡಿಗೊಂದು ಬೋರ್ಡು, ಬಂದ ಹುಡುಗರು "ಅಕ್ಕಾ, ಗಾಡಿ ಮಿಸ್ ಹೊಡೀತಿದೆ" ಅನ್ನಬೇಕು. ನನಗೆ ಬೇಕಾಗಿದ್ದ ಉತ್ತರ ಅದರಲ್ಲೇ ಇತ್ತು. ಅನುಮಾನ ಪರೀಕ್ಷಿಸುವುದಿದ್ದರೆ ಕೇಳಬೇಕಾದದ್ದು ಇಂಥದ್ದು. ದೇಹದ ಬಗ್ಗೆ, ಕರೆಯುವ ಹೆಸರಿನ ಬಗ್ಗೆ, ಮುಪ್ಪಿನ ಬಗ್ಗೆ ಕೇಳಬೇಕು. ಹವ್ಯಾಸ ಆ ಪಟ್ಟಿಯಲ್ಲೇ ಬರುವುದಿಲ್ಲ.

ಒಂದು ದಿನ ಮಿಶೆಲ್ ಡಫ್ ಅವರ ಬಗ್ಗೆ ಹೇಳಿದೆ. ಕೆನಡಾದ ಬೈಕ್ ರೇಸರ್. 1964ರ ಬೆಲ್ಜಿಯಂ ಗ್ರ್ಯಾನ್ ಪ್ರಿಯಲ್ಲಿ 250 ಸಿಸಿ ವಿಭಾಗ ಗೆದ್ದವರು, ಆಗ ಜಗತ್ತಿಗೆ ಮೈಕ್ ಡಫ್. 1980ರ ದಶಕದಲ್ಲಿ ಹೆಣ್ಣಾಗಿ ಬದುಕತೊಡಗಿದರು. ಇಂಥವರೂ ಇದ್ದಾರೆ ಎಂದು ಕೇಳಿ ಕಣ್ಣು ತುಂಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಆಕೆ ಕೇಳಿದ್ದು ಬೇರೆ: "ಯಾವ ಗಾಡಿ?" ಯಮಹಾ ಎಂದೆ. "64ರಲ್ಲಿ ಯಮಹಾ ಅಂದ್ರೆ ಟೂ ಸ್ಟ್ರೋಕೇ ಇರ್ಬೇಕು, ನಮ್ ಯೆಜ್ಡಿ ಥರ!" ಎಂದು ಅಲ್ಲೇ ಮೊಬೈಲ್ ತೆಗೆದು ಹುಡುಕಲು ಕೂತಳು. ಉಳಿದ ಅರ್ಧ ಗಂಟೆ ನಾನು ಆ ಎಂಜಿನ್ ಬಗ್ಗೆ ಪಾಠ ಕೇಳಿದೆ.

ಆ ಹಿರಿಯರ ಮಾತಿನ ಬಗ್ಗೆ ಪಲ್ಲವಿಗೆ ಸಿಟ್ಟಿತ್ತು. ಸಿಟ್ಟು ಬೇಡ ಎನ್ನಲಿಲ್ಲ, ಅವರ ಕಾಲವನ್ನೂ ನೋಡಿ ಎಂದೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಈ ಸಮುದಾಯದವರ ಹೆಸರು ವಿಳಾಸ ಪಟ್ಟಿ ಮಾಡಿ ನಿಗಾ ಇಡಲು ಅಧಿಕಾರ ಕೊಟ್ಟಿದ್ದರು. ಲಿಂಗವನ್ನು ನಿರ್ಧರಿಸಿಕೊಳ್ಳುವುದು ಅವರವರ ಹಕ್ಕು, ಅದಕ್ಕೆ ಶಸ್ತ್ರಚಿಕಿತ್ಸೆ ಆಗಿರಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2014ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಬೀದಿಗೆ ಇಳಿದವರಿಗೆ ಹೆಣ್ಣಿನಂತೆ ಕಾಣುವುದು ಶೋಕಿಯಾಗಿರಲಿಲ್ಲ, ಏಟು ತಪ್ಪಿಸಿಕೊಳ್ಳುವ ದಾರಿಯಾಗಿತ್ತು. ಆ ಭಯವನ್ನೇ ಅವರು ಬುದ್ಧಿಮಾತಾಗಿ ಕೊಡುತ್ತಿದ್ದಾರೆ. ವಾದಕ್ಕೆ ಹೋಗಬೇಡಿ, "ಅಮ್ಮಾ, ಇದು ನಮ್ಮಪ್ಪ ಕಲಿಸಿದ್ದು" ಎಂದಷ್ಟೇ ಹೇಳಿ ಎಂದಿದ್ದೆ. ಹೇಳಿದ ಮೇಲೆ ಅವರು ತಮ್ಮ ಕೆಟ್ಟು ನಿಂತಿದ್ದ ಮಿಕ್ಸಿ ತಂದು ಮುಂದಿಟ್ಟರಂತೆ.

ಕಷ್ಟವಾದದ್ದು ತಾಯಿ ಬಂದ ದಿನ. ನಾನು ನಿರೀಕ್ಷಿಸಿದ್ದು ನೆಂಟರಿಷ್ಟರ ಬಾಯಿಗೆ ಹೆದರುವ ತಾಯಿಯನ್ನು. ಅವರು ಹೇಳಿದ್ದು ಇದು: "ಅವಳು ಸ್ಪ್ಯಾನರ್ ಹಿಡಿದು ಕೂತ್ರೆ ನನ್ ಮಗ ವಾಪಸ್ ಬಂದಂಗೆ ಆಗುತ್ತೆ ಮೇಡಂ. ಬಾಗಿಲಲ್ಲಿ ನಿಂತು ನೋಡ್ತೀನಿ. ಆಮೇಲೆ ಎದ್ದು ಮುಖ ತೊಳ್ಕೊಂಡು ಬೊಟ್ಟಿಟ್ಕೊಂಡಾಗ ಇನ್ನೊಂದ್ಸಲ ಕಳ್ಕೊಂಡಂಗೆ." ಪಲ್ಲವಿ ತಲೆ ತಗ್ಗಿಸಿದಳು. ಗಾಡಿಯನ್ನು ಯಾಕೆ ಮುಚ್ಚಿಟ್ಟಳು ಎಂಬುದು ನನಗೆ ಪೂರ್ತಿ ತಿಳಿದದ್ದು ಆಗಲೇ. ಬಾಗಿಲಲ್ಲಿ ನಿಂತ ಅಮ್ಮನ ಮುಖದಲ್ಲಿ ಆ ಆಸೆ ಕಂಡು, ಅದನ್ನು ಬೆಳೆಸಬಾರದೆಂದು ಟಾರ್ಪಾಲಿನ್ ಎಳೆದಿದ್ದಳು.

ತಾಯಿಗೆ ನಾನು ಕಾನೂನು ಹೇಳಲಿಲ್ಲ. ಗಂಡ ಹೋದ ದುಃಖ, ಮಗನೆಂದು ಸಾಕಿದ್ದು ಹೋದ ದುಃಖ, ಎರಡೂ ಒಂದೇ ಶೆಡ್ಡಿನಲ್ಲಿ ಸೇರಿಕೊಂಡಿದ್ದವು. ಅಳಲು ಬಿಟ್ಟೆ. ಆಮೇಲೆ ಕೇಳಿದೆ: "ಆ ಕೈಕೆಲಸ ಯಾರದು ಅಮ್ಮ?" "ಅವ್ರ ಅಪ್ಪಂದು." "ಹಾಗಾದರೆ ಅದು ಅಪ್ಪನಿಂದ ಪಲ್ಲವಿಗೆ ಬಂದದ್ದು. ಆ ಕೈ ಮೊದಲಿಂದಲೂ ಇವಳದೇ." ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಮನೆಗೆ ಒಂದು ಕೆಲಸ ಕೊಟ್ಟೆ: ಬಾಗಿಲಲ್ಲಿ ನಿಂತು ನೋಡಬೇಡಿ, ಕಾಫಿ ತೆಗೆದುಕೊಂಡು ಒಳಗೆ ಹೋಗಿ, ಅವಳು ಗಾಡಿ ಹತ್ತಿರ ಇರುವಾಗಲೇ ಪಲ್ಲವಿ ಎಂದು ಕರೆದು ಕೊಡಿ. ಮೊದಲ ಸಲ ಬಾಯಲ್ಲಿ ಹಳೆಯ ಹೆಸರೇ ಬಂತಂತೆ, ಕಾಫಿ ಅಲ್ಲೇ ಇಟ್ಟು ವಾಪಸ್ ಬಂದರಂತೆ. ಈಗ ಸರಿಯಾಗಿ ಕರೆಯುತ್ತಾರೆ. "ಗಾಡಿ ಸ್ಟಾರ್ಟ್ ಆದ್ರೆ ಮಾತ್ರ ಕಾಫಿ" ಅನ್ನುವಷ್ಟು ಸಲಿಗೆಯೂ ಬಂದಿದೆ.

ಅಣ್ಣ ಫೋನಿನಲ್ಲಿ ಸಿಕ್ಕ. "ಅನುಮಾನ ಇದೆ ಅಂತ ಅವನೇ ಒಪ್ಕೊಂಡಿದಾನಲ್ಲ, ಈಗಲೇ ವಾಪಸ್ ಸರಿ ಮಾಡಿ" ಎಂದ. ಅದಕ್ಕೆ ಉತ್ತರ ಚಿಕ್ಕದು. ಹಾಗೆ ಬದಲಾಯಿಸುವ ಚಿಕಿತ್ಸೆ ಎಂಬುದೇ ಇಲ್ಲ. ಅಂಥದ್ದನ್ನು ಮಾಡಿದ ವೈದ್ಯರದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಫೋನ್ ಇಟ್ಟುಬಿಟ್ಟ.

ಇನ್ನು ಕೊಟ್ಟ ಸಲಹೆಗಳಲ್ಲಿ ಬಹುಪಾಲು ಬರೀ ವ್ಯಾವಹಾರಿಕ. ಚಿಕಿತ್ಸೆ ಶುರುವಾದ ಮೇಲೆ ತೊಡೆಯ ಕಸುವು ಕಡಿಮೆಯಾಗಿ, ಎರಡು ಕಿಕ್ಕಿಗೆ ಸುಸ್ತಾಗುತ್ತದೆ ಎಂದು ಕೆಲವು ವಾರ ಮಾತ್ರೆ ಬಿಡುವ ಯೋಚನೆಯಲ್ಲಿದ್ದಳು. ಇದಕ್ಕೆ ಮಾತ್ರ ಗಟ್ಟಿಯಾಗಿ ಬೇಡ ಎಂದೆ. ಟೆಸ್ಟೋಸ್ಟೆರಾನ್ ಇಳಿದಾಗ ಸ್ನಾಯು ಕರಗುವುದು ಸಹಜ. ಮಾತ್ರೆ ಹೆಚ್ಚು ಕಡಿಮೆ ಮಾಡುವುದು ವೈದ್ಯರಿಗೆ ಬಿಟ್ಟದ್ದು. ಕಾಲಿಗೆ ಬಲ ಬರುವ ವ್ಯಾಯಾಮ ಮಾಡಿದರೆ ಹೆಣ್ತನ ಎಲ್ಲೂ ಓಡಿಹೋಗುವುದಿಲ್ಲ. ಕಿಕ್ ಹೊಡೆಯುವಾಗ ಚಪ್ಪಲಿ ಬೇಡ, ಶೂ ಇರಲಿ. ದುಪಟ್ಟಾ ಬಿಚ್ಚಿಟ್ಟು ಹೋಗಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ ಎಂದದ್ದಕ್ಕೆ "ಗ್ಲೌಸಲ್ಲಿ ಸ್ಕ್ರೂ ಗೊತ್ತಾಗಲ್ಲ ಮೇಡಂ" ಎಂದು ತಳ್ಳಿಹಾಕಿದಳು. ಸರಿ, ಸೀಮೆಎಣ್ಣೆ ಬಿಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಳ್ಳಿ ಎಂದು ರಾಜಿಯಾದೆವು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ, ಯೆಜ್ಡಿ ಇಟ್ಟುಕೊಂಡವರು ಸೇರುತ್ತಾರೆ, ಹೋಗಲೇ ಎಂದು ಕೇಳಿದಳು. ಹೋಗಿ, ಆದರೆ ಮೊದಲ ಸಲ ಗೊತ್ತಿದ್ದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಎಂದೆ. ಅಲ್ಲಿ ಯಾರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದು ಆಕೆಗೆ ಬಿಟ್ಟದ್ದು.

ಡ್ರೈವಿಂಗ್ ಲೈಸೆನ್ಸಿನಲ್ಲಿ ಹೊಸ ಹೆಸರು ಬಂದಿದೆ. ಗಾಡಿಯ ಆರ್‌ಸಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದೆ. ವರ್ಗಾವಣೆಗೆ ಆರ್‌ಟಿಒದಲ್ಲಿ ಫಾರ್ಮ್ 31 ಕೊಡಬೇಕು, ಜೊತೆಗೆ ಉಳಿದ ವಾರಸುದಾರರ ಒಪ್ಪಿಗೆ ಕೇಳುತ್ತಾರೆ. ತಾಯಿ ಸಹಿ ಹಾಕಿದ್ದಾರೆ, ಅಣ್ಣ ಹಾಕಿಲ್ಲ. ಆಸ್ತಿಯ ಜಗಳವನ್ನು ಲಿಂಗದ ಜಗಳದ ಜೊತೆ ಬೆರೆಸಬೇಡಿ, ಮಾತುಕತೆ ಮುರಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಎಂದು ಹೇಳಿದ್ದೇನೆ. ಸದ್ಯಕ್ಕೆ ಅಣ್ಣ ಒಂದು ಷರತ್ತು ಕಳಿಸಿದ್ದಾನೆ: ಗಾಡಿಗೆ ಬೆಲೆ ಕಟ್ಟಿಸಿ ತನ್ನ ಪಾಲು ಕೊಟ್ಟರೆ ಸಹಿ. ಪಲ್ಲವಿ ಒಪ್ಪಿದ್ದಾಳೆ. ಆದರೆ ಬೆಲೆ ಕಟ್ಟುವವನು ಯಾರೇ ಬರಲಿ, ಅವನ ಮುಂದೆ ಎಂಜಿನ್ ಬಿಚ್ಚುವುದು ತಾನೇ ಎಂದು ತಾಯಿಯ ಕೈಲಿ ಹೇಳಿ ಕಳಿಸಿದ್ದಾಳೆ.